ಖಾಲಿ ಡಬ್ಬಿಯ ಮೇಲಿನ ಚೀಟಿ

ಮೊನ್ನೆ ಮಗಳು ಹಾಸ್ಟೆಲಿಗೆ ಹೊರಡುವ ಗಡಿಬಿಡಿಯಲ್ಲಿ ಶೇಂಗಾ ಚಟ್ನಿ ತುಂಬಿಕೊಳ್ಳಲು ಡಬ್ಬಿ ಹುಡುಕುತ್ತಿದ್ದಳು. ಅಡುಗೆಮನೆಯ ಮೇಲಿನ ಹಲಗೆಗೆ ಕೈಚಾಚಿ ಒಂದು ಸ್ಟೀಲ್ ಡಬ್ಬಿ ಇಳಿಸಿ ಮುಚ್ಚಳ ತೆಗೆದಳು. ಒಳಗೆ ಏನೂ ಇರಲಿಲ್ಲ, ಆದರೆ ವಾಸನೆ ಇತ್ತು... ಬಿಸಿಲಿಗೆ ಒಣಗಿದ ತೊಗರಿ, ಅದಕ್ಕೆ ಸವರಿದ ಔಡಲೆಣ್ಣೆ, ತಳದಲ್ಲಿ ಪುಡಿಯಾಗಿ ಕುಳಿತ ಬೇವಿನೆಲೆ. ಒಗ್ಗರಣೆ ಹಾಕುತ್ತಿದ್ದ ನನ್ನ ಕೈ ಅಲ್ಲೇ ನಿಂತಿತು. ಸಾಸಿವೆ ಸೀದು ಹೋಯಿತು.

"ಮಮ್ಮಿ, ಇದು ಖಾಲಿ ಅದ. ಇದ್ರಾಗೇ ಹಾಕ್ಲೇನು?"

"ಅದು ಬ್ಯಾಡ. ಅದು ಮೇಡಂದು."

"ಯಾ ಮೇಡಂ?"

ಯಾವ ಮೇಡಂ ಎಂದು ಹೇಳುವುದು ಅಷ್ಟು ಸುಲಭವಲ್ಲ. ನನ್ನ ಬದುಕಿನಲ್ಲಿ ಮೇಡಂಗಳು ಬಹಳ ಜನ. ವಾಡಿಯ ಕಾನ್ವೆಂಟಿನಲ್ಲಿ ಓದಿದವಳು ನಾನು. ಅಲ್ಲಿ ಸಿಸ್ಟರುಗಳಿದ್ದರು, ಟೀಚರುಗಳಿದ್ದರು. ಆದರೆ ಬರೀ 'ಮೇಡಂ' ಅಂದಾಗ ನನ್ನ ಮನಸ್ಸಿಗೆ ಬರುವವರು ಒಬ್ಬರೇ. ಸೇಡಂ ಬಸ್ ಸ್ಟ್ಯಾಂಡ್ ಹತ್ತಿರ, ಒಂದು ಫೋಟೋ ಸ್ಟುಡಿಯೋದ ಮಾಳಿಗೆಯ ಮೇಲಿದ್ದ ಕಂಪ್ಯೂಟರ್ ಸೆಂಟರಿನಲ್ಲಿ ನಮಗೆ ಜಾವಾ ಎಂಬ ಪ್ರೋಗ್ರಾಂ ಬರೆಯುವ ಭಾಷೆ ಕಲಿಸಿದವರು.

ಆಗ ಈ ಮಗಳು ಇನ್ನೂ ಕೂಸು. ಮದುವೆಯಾಗಿ ಸೇಡಮಿಗೆ ಬಂದು ನನಗೆ ಒಂದೆರಡು ವರ್ಷವಾಗಿತ್ತು. ಡಿಗ್ರಿ ಅರ್ಧಕ್ಕೇ ನಿಂತಿತ್ತು. ಮಧ್ಯಾಹ್ನದ ಹೊತ್ತು ಹೆಂಗಸರಿಗಾಗಿ ಕಂಪ್ಯೂಟರ್ ಕ್ಲಾಸು ಎಂದು ಬೋರ್ಡು ಹಾಕಿದ್ದರು. ಬಂದವರಲ್ಲಿ ಹೆಚ್ಚಿನವರು ಲೆಕ್ಕ ಬರೆಯುವ ಟ್ಯಾಲಿಗೆ ಸೇರಿದರು, ಅದಕ್ಕೆ ಅಂಗಡಿಗಳಲ್ಲಿ ಕೆಲಸ ಸಿಗುತ್ತಿತ್ತು. ನಾನು ಜಾವಾಕ್ಕೆ ಸೇರಿದ್ದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ಆ ಕ್ಲಾಸಿನ ಹೊತ್ತಿಗೆ ಸರಿಯಾಗಿ ಕೂಸು ಮಲಗುತ್ತಿತ್ತು.

ಮೇಡಂ ಶಹಾಬಾದ್ ಹತ್ತಿರದ ಭಂಕೂರಿನವರು. ದಿನಾ ವಾಡಿಗೆ ಬಂದು, ಅಲ್ಲಿಂದ ಪ್ಯಾಸೆಂಜರ್ ಗಾಡಿ ಹತ್ತಿ ಸೇಡಮಿಗೆ ಬರುತ್ತಿದ್ದರು. ತೆಳ್ಳಗಿನ ಮೈ, ಹೆಗಲಿಗೆ ಪಿನ್ನು ಚುಚ್ಚಿದ ನೂಲಿನ ಸೀರೆ. ಚಪ್ಪಲಿಯನ್ನು ಬಾಗಿಲ ಹೊರಗೆ ಬಿಡುವಾಗ ಎರಡನ್ನೂ ಜೋಡಿಸಿ, ತುದಿ ಮೆಟ್ಟಿಲ ಕಡೆಗೆ ಬರುವಂತೆ ತಿರುಗಿಸಿ ಇಡುತ್ತಿದ್ದರು, ಹೊರಡುವಾಗ ತಡವಾಗಬಾರದೆಂದು. ಅವರ ತಂದೆ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಗಣಿಯಲ್ಲಿ ದುಡಿದು ಬೇಗ ಹೋಗಿಬಿಟ್ಟಿದ್ದರಂತೆ. ತಾಯಿ ಇದ್ದ ಸ್ವಲ್ಪ ಹೊಲದಲ್ಲಿ ತೊಗರಿ ಬೆಳೆದು ಮಗಳನ್ನು ಕಲಬುರಗಿಯ ಕಾಲೇಜಿನ ತನಕ ಓದಿಸಿದ್ದರು. ಇದನ್ನೆಲ್ಲ ಅವರು ತಾವಾಗಿ ಹೇಳಿದ್ದಲ್ಲ. ಊಟದ ಡಬ್ಬಿ ಬಿಚ್ಚುವಾಗ ಒಂದೊಂದು ಮಾತು ಬೀಳುತ್ತಿತ್ತು, ನಾವು ಆರಿಸಿಕೊಳ್ಳುತ್ತಿದ್ದೆವು.

ಸೆಂಟರಿನಲ್ಲಿ ಕರೆಂಟು ಇದ್ದಷ್ಟು ಹೊತ್ತು ಟೈಪು ಮಾಡುತ್ತಿದ್ದೆವು. ಕರೆಂಟು ಹೋದಮೇಲೆ ನಿಜವಾದ ಪಾಠ ಶುರುವಾಗುತ್ತಿತ್ತು. ಕಿಟಕಿಯ ಬೆಳಕಿನಲ್ಲಿ, ಸೆಕೆಯಲ್ಲಿ, ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ...

ಅಲ್ಲಿದ್ದ ಪುಸ್ತಕ ಹಳೆಯದು. ಹೆಸರು, ಅಂಕಿಗಳನ್ನು ಸಾಲಾಗಿ ಇಡುವ ಲಿಸ್ಟ್ ಅದರಲ್ಲಿ ಬರೀ ಲಿಸ್ಟ್, ಯಾವುದನ್ನು ಬೇಕಾದರೂ ಅದರಲ್ಲಿ ಹಾಕಬಹುದು. ಒಂದು ದಿನ ಚಿತ್ತಾಪುರದಿಂದ ಬರುತ್ತಿದ್ದ ನನ್ನ ಗೆಳತಿ ಶಾಲೆಯ ಮಕ್ಕಳ ಅಂಕ ಕೂಡಿಸುವ ಪ್ರೋಗ್ರಾಂ ಬರೆದಳು. ಪುಸ್ತಕದಲ್ಲಿದ್ದಂತೆಯೇ ಬರೆದಳು. ಅಂಕಗಳ ನಡುವೆ, ಪರೀಕ್ಷೆಗೆ ಬಾರದ ಒಬ್ಬ ಹುಡುಗಿಯ ಜಾಗದಲ್ಲಿ 'ಗೈರು' ಎಂದು ಹಾಕಿದಳು. ಕಂಪ್ಯೂಟರ್ ಚಕಾರ ಎತ್ತದೆ ತೆಗೆದುಕೊಂಡಿತು. ಆಮೇಲೆ ಎಲ್ಲ ಕೂಡಿಸು ಅಂದಾಗ ನಡುವೆ ಮುಗ್ಗರಿಸಿ ಬಿತ್ತು, ಪರದೆ ತುಂಬ ಕೆಂಪು ಅಕ್ಷರ.

"ಹಾಕುವಾಗ ಬಾಯಿ ಮುಚ್ಕೊಂಡು ಕುಂತಿತ್ರಿ ಇದು," ಎಂದಳು ಗೆಳತಿ ಸಿಟ್ಟಿನಿಂದ. "ಈಗ ಒದರ್ಲಿಕತ್ತದ. ನಮ್ಮತ್ತಿ ಇದ್ದಂಗೇ ಅದ."

ಮೇಡಂ ನಕ್ಕರು. ಅಷ್ಟರಲ್ಲಿ ಕರೆಂಟು ಹೋಯಿತು. ಅವರು ಕುರ್ಚಿಯನ್ನು ನಮ್ಮ ಕಡೆ ತಿರುಗಿಸಿ ಕುಳಿತರು.

"ತೊಗರಿ ಬ್ಯಾಳಿ, ಕಡ್ಲಿ ಬ್ಯಾಳಿ ಎರಡೂ ಹಳದಿನೇ. ಅವಸರದಾಗ ಒಂದೇ ಡಬ್ಬಿಗೆ ಸುರುವಿದ್ರ ಗೊತ್ತಾಗ್ತದೇನು? ಕುಕ್ಕರ್ ಇಳಿಸಿದ ಮ್ಯಾಲೆ ಗೊತ್ತಾಗ್ತದ. ಒಂದು ಕರಗಿರ್ತದ, ಇನ್ನೊಂದು ಹಂಗೇ ಕುಂತಿರ್ತದ. ಆವಾಗ ಗೊತ್ತಾಗಿ ಏನ್ ಉಪಯೋಗ? ಬೀಗ್ರು ತಾಟಿನ ಮುಂದ ಕುಂತುಬಿಟ್ಟಿರ್ತಾರ. ಸುರುವುವಾಗೇ ಯಾರರ ಕೈ ಹಿಡೀಬೇಕು."

ಹಾಗೆ ಕೈ ಹಿಡಿಯುವವನೇ ಕಂಪೈಲರ್, ನಾವು ಬರೆದದ್ದನ್ನು ಓಡಿಸುವ ಮೊದಲು ಓದಿ ನೋಡುವವನು ಎಂದರು. ಅವನಿಗೆ ಗೊತ್ತಾಗಬೇಕಾದರೆ ಡಬ್ಬಿಯ ಮೇಲೆ ಚೀಟಿ ಬೇಕು. ಲಿಸ್ಟ್ ಎಂದು ಬರೆದ ಪಕ್ಕದಲ್ಲೇ, ಎಡಕ್ಕೊಂದು ಬಲಕ್ಕೊಂದು ಮೊನೆ ಇರುವ ಆವರಣದೊಳಗೆ, ಇದರಲ್ಲಿ ಏನು ಇರಬೇಕು ಎಂದು ಬರೆಯುವುದು. ಅದಕ್ಕೆ ಜೆನೆರಿಕ್ಸ್ ಎಂದು ಹೆಸರು. ಡಬ್ಬಿ ಮಾಡುವವನು ಬೇಳೆಗೊಂದು ನಮೂನೆ, ಅಕ್ಕಿಗೊಂದು ನಮೂನೆ ಮಾಡುವುದಿಲ್ಲ, ಒಂದೇ ನಮೂನೆ ಮಾಡುತ್ತಾನೆ, ಚೀಟಿ ಹಚ್ಚುವುದು ನಮ್ಮ ಕೆಲಸ ಎಂದರು. ಅಂಕದ ಚೀಟಿ ಹಚ್ಚಿದ ಡಬ್ಬಿಗೆ 'ಗೈರು' ಹಾಕಲು ಹೋದರೆ, ಪ್ರೋಗ್ರಾಂ ಓಡುವ ಮೊದಲೇ ಕಂಪೈಲರ್ ತಡೆಯುತ್ತಾನೆ.

ನನಗೊಂದು ಅನುಮಾನ ಬಂತು. "ಮೇಡಂ, ಲಿಸ್ಟ್ ಇನ್ನಾ ಖಾಲಿನೇ ಅದಲ್ರಿ. ಈಗೇ ಯಾಕ್ರಿ ಚೀಟಿ?"

"ಖಾಲಿ ಇದ್ದಾಗೇ ಚೀಟಿ ಬೇಕು," ಎಂದರು. "ತುಂಬಿದ್ದು ಕಣ್ಣಿಗೇ ಕಾಣ್ತದ. ಖಾಲಿ ಇದ್ದದ್ದು ತಾನು ಯಾತಕ್ಕ ಇದ್ದೀನಂತ ಹ್ಯಾಂಗ್ ಹೇಳ್ತದ?"

ಮುಂದಿನ ವಾರಗಳಲ್ಲಿ ಬೇರೆ ಬೇರೆ ಡಬ್ಬಿಗಳನ್ನು ಪರಿಚಯಿಸಿದರು. ಲಿಸ್ಟ್ ನಳದ ಮುಂದಿನ ಸಾಲಿನ ಹಾಗೆ, ಬಂದವರು ಬಂದ ಹಾಗೆಯೇ ನಿಲ್ಲುತ್ತಾರೆ. ಸೆಟ್ ಅರಿಶಿನ ಕುಂಕುಮದ ಕರೆಯ ಹಾಗೆ, ಒಂದು ಮನೆಗೆ ಒಂದೇ ಸಲ. ಮ್ಯಾಪ್ ರೈಲ್ವೆ ಸ್ಟೇಷನ್ನಿನ ಸೈಕಲ್ ಸ್ಟ್ಯಾಂಡು, ಬಿಲ್ಲೆ ತೋರಿಸಿದರೆ ಆ ಬಿಲ್ಲೆಯ ಸೈಕಲ್ಲೇ ಬರುತ್ತದೆ.

"ಒಂದೇ ಬಿಲ್ಲೆ ಎರಡು ಸೈಕಲ್ಲಿಗೆ ಕೊಟ್ರ?" ಎಂದಳು ಚಿತ್ತಾಪುರದ ಗೆಳತಿ.

"ಮೊದಲಿನ ಸೈಕಲ್ ಮರ್ತೇಬಿಡ್ತದ. ಹೊಸಾದಷ್ಟೇ ಇಟ್ಕೋತದ. ಒಂದು ಮಾತೂ ಹೇಳಂಗಿಲ್ಲ."

ನಾವು ನಕ್ಕೆವು. ಆ ನಗು ಆಮೇಲೆ ಎಷ್ಟೋ ಸಲ ನೆನಪಾಗಿದೆ...

ನಮ್ಮ ಮನೆ ಸ್ಟೇಷನ್ ರಸ್ತೆಯಲ್ಲಿ, ಹಿಟ್ಟಿನ ಗಿರಣಿಯ ಪಕ್ಕ. ಗಾಡಿ ತಡವಾದ ದಿನ ಮೇಡಂ ನಮ್ಮಲ್ಲಿ ಬಂದು ಕೂರುತ್ತಿದ್ದರು. ನಮ್ಮದು ಮಡಿಯ ಮನೆ, ಮಾವನವರು ಗುಡಿಯ ಪೂಜೆ ಮಾಡಿಕೊಂಡು ಬಂದವರು. ಅತ್ತೆಯವರು ಮೊದಲ ದಿನವೇ ನನ್ನನ್ನು ಒಳಗೆ ಕರೆದು, "ಅವರು ಯಾ ಪೈಕಿ?" ಎಂದು ಕೇಳಿದ್ದರು. ಮೇಡಂ ಮನೆಯಲ್ಲಿ ಬುದ್ಧನ ಪಟ ಇಟ್ಟು ಪೂಜಿಸುತ್ತಾರೆ ಎಂದೆ. ಅತ್ತೆ ತಿರುಗಿ ಒಲೆಯ ಕಡೆ ಹೋದರು. ಆ ಚಳಿಗಾಲದಲ್ಲಿ ಮೇಡಂ ತಮ್ಮ ಹೊಲದ ತೊಗರಿ ಬೇಳೆಯನ್ನು ಈ ಸ್ಟೀಲ್ ಡಬ್ಬಿಯಲ್ಲಿ ತಂದುಕೊಟ್ಟಾಗ ಅದು ಒಂದೆರಡು ದಿನ ಹೊರಗಿನ ಕಟ್ಟೆಯ ಮೇಲೆಯೇ ಇತ್ತು. ನಾನು ಒಳಗಿಡಲಿಲ್ಲ, ಅತ್ತೆ ಬೇಡವೆನ್ನಲೂ ಇಲ್ಲ. ಆಮೇಲೊಂದು ಬೆಳಿಗ್ಗೆ ನೋಡಿದರೆ ಅತ್ತೆಯೇ ಆ ಬೇಳೆ ತೊಳೆದು ಒಲೆಗಿಟ್ಟಿದ್ದರು. "ಭಾಳ ಛಲೋ ಕುದೀತದ," ಎಂದರು, ನನ್ನ ಕಡೆ ನೋಡದೆ. ಡಬ್ಬಿಯ ಮೇಲೆ ಮೇಡಂ ಕೈಯಕ್ಷರದ ಚೀಟಿ: ತೊಗರಿ ಬ್ಯಾಳಿ. ಅಷ್ಟೇ ಬರೆದಿತ್ತು ಆಗ.

ಡಬ್ಬಿಯನ್ನು ಖಾಲಿ ತಿರುಗಿಸಿ ಕೊಡುವ ರೂಢಿ ನಮ್ಮ ಕಡೆ ಇಲ್ಲ. ಶೇಂಗಾ ಹೋಳಿಗೆ ತುಂಬಿ ಕೊಟ್ಟೆ.

ಆ ಬೇಸಿಗೆಯಲ್ಲಿ ಒಂದು ಸಂಸ್ಥೆಯವರು ಸೇಡಮಿನಲ್ಲಿ ಕಣ್ಣಿನ ಶಿಬಿರ ಇಟ್ಟರು. ಚಿಂಚೋಳಿ ಕಡೆಯ ಹಳ್ಳಿಗಳಿಗೆ ಮೊದಲೇ ಡಾಕ್ಟರುಗಳು ಹೋಗಿ, ಪೊರೆ ಬಂದವರ ಕಣ್ಣು ಪರೀಕ್ಷೆ ಮಾಡಿ ಬರುತ್ತಾರೆ. ಆಪರೇಷನ್ನಿನ ದಿನ ಅವರೆಲ್ಲ ಸೇಡಮಿಗೆ ಬರುತ್ತಾರೆ. ಯಾರಿಗೆ ಯಾವ ಕಣ್ಣು ಎಂಬ ವಿವರ ಕಂಪ್ಯೂಟರಿನಲ್ಲಿ ಇಟ್ಟುಕೊಡಿ ಎಂದು ಸಂಸ್ಥೆಯವರು ಮೇಡಂ ಅವರನ್ನು ಕೇಳಿದರು. ಮೇಡಂ ದುಡ್ಡು ಬೇಡವೆಂದರು. ಅವರ ತಾಯಿಗೂ ಒಂದು ಕಣ್ಣಿಗೆ ಪೊರೆ ಬಂದು, ತಡವಾಗಿ ತೋರಿಸಿ, ಆ ಕಣ್ಣು ಹೋಗಿತ್ತಂತೆ. ಆ ಮಾತು ಹೇಳುವಾಗ ಅವರು ಕೀಬೋರ್ಡಿನ ಮೇಲಿನ ಧೂಳನ್ನು ಬೆರಳಿನಿಂದ ತೆಗೆಯುತ್ತಿದ್ದರು.

ಪ್ರೋಗ್ರಾಂ ಮೇಡಂ ಅವರೇ ಬರೆದರು. ಎಲ್ಲ ಡಬ್ಬಿಗೂ ಚೀಟಿ, ಯಾವುದರಲ್ಲೂ ಏನೂ ಬೆರೆಯುವಂತಿಲ್ಲ. ರೋಗಿಗಳನ್ನು ಇಡಲು ಮ್ಯಾಪ್. ಬಿಲ್ಲೆಯಾಗಿ ಮೂರು ವಿವರ ಒಟ್ಟು ಸೇರಿಸಿದ್ದರು: ಹೆಸರು, ಊರು, ಹೆಂಗಸರಾದರೆ ಗಂಡನ ಹೆಸರು. ಹಳ್ಳಿಗಳಲ್ಲಿ ಬರೆದುಕೊಳ್ಳಲು ನಮ್ಮ ಕ್ಲಾಸಿನವರೇ ಹೋದೆವು. ಅಲ್ಲಿ ಒಂದು ತೊಡಕು ಬಂತು. ವಯಸ್ಸಾದ ಹೆಂಗಸರು ಯಾರೂ ಗಂಡನ ಹೆಸರು ಹೇಳಲು ಬಾಯಿ ಬಿಡಲಿಲ್ಲ. "ಹೇಳಬಾರದವ್ವಾ," ಎಂದು ಸೆರಗು ಬಾಯಿಗಿಟ್ಟುಕೊಳ್ಳುತ್ತಿದ್ದರು. ಅವರಿಗೆ ಮುಜುಗರ ಮಾಡಲು ನಮಗೂ ಮನಸ್ಸಾಗಲಿಲ್ಲ, ನಾವೂ ಅದೇ ಮಣ್ಣಿನವರು. ಆ ಜಾಗ ಖಾಲಿ ಬಿಟ್ಟು ತಂದೆವು. ಮೇಡಂ ಸ್ವಲ್ಪ ಹೊತ್ತು ಯೋಚಿಸಿ, ಖಾಲಿ ಇದ್ದದ್ದನ್ನು ಇಟ್ಟು ಏನು ಮಾಡುವುದೆಂದು ಬಿಲ್ಲೆಯಿಂದ ಗಂಡನ ಹೆಸರನ್ನು ತೆಗೆದುಬಿಟ್ಟರು. ಹೆಸರು ಮತ್ತು ಊರು ಉಳಿದವು.

ಶಿಬಿರದ ದಿನ ಶಾಲೆಯೊಂದರ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಬಂದವರ ಹೆಸರು ಕೇಳಿ, ಕಂಪ್ಯೂಟರಿನಲ್ಲಿ ನೋಡಿ, ಆಪರೇಷನ್ ಆಗಬೇಕಾದ ಕಣ್ಣಿನ ಹುಬ್ಬಿನ ಮೇಲೆ ಹೆಸರು ಬರೆದ ಪಟ್ಟಿ ಅಂಟಿಸುವುದು ನಮ್ಮ ಕೆಲಸ. ಕೊಡ್ಲಿ ಎಂಬ ಹಳ್ಳಿಯಿಂದ ಬಂದ ಶರಣಮ್ಮ ಎಂಬ ಅಜ್ಜಿಗೆ ಎಡಗಣ್ಣು ಎಂದು ಬಂತು, ಪಟ್ಟಿ ಅಂಟಿಸಿದರು, ಅಜ್ಜಿ ಹೋಗಿ ಬೆಂಚಿನ ಮೇಲೆ ಕುಳಿತರು. ಸ್ವಲ್ಪ ಹೊತ್ತಿಗೆ ಇನ್ನೊಬ್ಬ ಹೆಂಗಸು ಬಂದಳು, ಜೋರು ಬಾಯಿಯವಳು.

"ಕೊಡ್ಲಿ ಶರಣಮ್ಮಂದು ಆಗ್ಯಾದ್ರಿ," ಎಂದ, ಪಟ್ಟಿ ಅಂಟಿಸಲು ನಮಗೆ ನೆರವಾಗಿದ್ದ ಸಂಸ್ಥೆಯ ಹುಡುಗ.

"ಹ್ಯಾಂಗ್ ಆಗ್ತದೋ ತಮ್ಮಾ? ನಾ ನಿನ್ ಮುಂದ ನಿಂತೀನಿ. ನನ್ನ ಕಣ್ಣು ಮನ್ಯಾಗ ಬಿಟ್ಟು ಬಂದೀನೇನು?"

ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕು ಮೊದಲಿನ ಅಜ್ಜಿಯ ಕಡೆ ನೋಡಿದೆ. ಅವರಿಗೆ ನೀರಿನ ಲೋಟ ಕೊಡಲು ಯಾರೋ ಬಂದಿದ್ದರು. ಅಜ್ಜಿ ಲೋಟವನ್ನು ನೋಡಲು ಕೋಳಿಯ ಹಾಗೆ ತಲೆಯನ್ನು ಬಲಕ್ಕೆ ಹೊರಳಿಸಿ, ಎಡಗಣ್ಣನ್ನು ಮುಂದೆ ತಂದರು. ಕೈ ನೇರವಾಗಿ ಲೋಟಕ್ಕೆ ಹೋಯಿತು. ಪಟ್ಟಿ ಇದ್ದದ್ದು ಆ ಕಣ್ಣಿನ ಮೇಲೆಯೇ.

ಮೇಡಂ ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ. ಅವರು ಎದ್ದು ಬಂದು ಅಜ್ಜಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತರು.

"ಯವ್ವಾ, ಯಾವ ಕಣ್ಣು ಕಾಣಂಗಿಲ್ಲ ನಿಂಗ?"

ಅಜ್ಜಿ ಬಲಗಣ್ಣು ಮುಟ್ಟಿ ತೋರಿಸಿದರು.

"ಮತ್ತ ಈ ಕಣ್ಣಿನ ಮ್ಯಾಲೆ ಹಚ್ಚಿದ್ರ ಯಾಕ ಸುಮ್ನಿದ್ದಿ?"

"ಕಂಪ್ಯೂಟರ್‌ನಾಗ ಬಂದದಂತಲ್ಲವ್ವಾ," ಎಂದರು ಅಜ್ಜಿ. "ಅದಕ್ಕ ನನಗಿಂತಾ ಗೊತ್ತಿರ್ತದ."

ಮೇಡಂ ಅವರ ಮುಖ ನಾನು ಮರೆತಿಲ್ಲ. ಅವರಿಗೆ ಅಷ್ಟರಲ್ಲೇ ಎಲ್ಲ ಹೊಳೆದಿತ್ತು. ಒಂದೇ ಊರಿನ ಇಬ್ಬರು ಶರಣಮ್ಮಂದಿರು, ಒಂದೇ ಬಿಲ್ಲೆ. ಎರಡನೆಯವಳನ್ನು ಹಾಕಿದಾಗ ಮ್ಯಾಪ್ ಮೊದಲಿನ ಅಜ್ಜಿಯನ್ನು ಸದ್ದಿಲ್ಲದೆ ಮರೆತಿತ್ತು. ಅಜ್ಜಿಯ ಹುಬ್ಬಿನ ಮೇಲಿದ್ದದ್ದು ಜೋರು ಬಾಯಿಯವಳ ಕಣ್ಣು. ಇನ್ನೂ ಎಷ್ಟು ಜನ ಹೀಗೆ ಕುಳಿತಿದ್ದಾರೋ ಗೊತ್ತಿಲ್ಲ... ನಮ್ಮ ಹಳ್ಳಿಗಳಲ್ಲಿ ಅಜ್ಜಿಯ ಹೆಸರು ಮೊಮ್ಮಗಳಿಗೆ, ದೇವರ ಹೆಸರು ಓಣಿಯ ಅರ್ಧ ಜನಕ್ಕೆ.

ಮೇಡಂ ನೇರ ಡಾಕ್ಟರ ಹತ್ತಿರ ಹೋಗಿ, "ಸರ್, ಯಾರ್ನೂ ಒಳಗ ತಗೋಬ್ಯಾಡ್ರಿ. ತಪ್ಪಾಗ್ಯಾದ. ನಂದೇ ತಪ್ಪು," ಎಂದರು. ಒಳಗೆ ಹೋದಮೇಲೆ ನಾವು ಹೇಗೂ ಇನ್ನೊಮ್ಮೆ ಕಣ್ಣು ನೋಡಿಯೇ ಶುರು ಮಾಡುತ್ತೇವೆ, ಹೆದರಬೇಡಿ ಎಂದು ಡಾಕ್ಟರು ಸಮಾಧಾನ ಹೇಳಿದರು. ಮೇಡಂ ಆ ಸಮಾಧಾನ ತೆಗೆದುಕೊಳ್ಳಲಿಲ್ಲ. ಸಂಸ್ಥೆಯವರೊಬ್ಬರು ಸಿಡುಕಿದರು: "ಮೇಡಂ, ಇಷ್ಟ್ ಮಂದಿ ಉಪಾಸ ಕುಂತಾರ. ಒಂದು ಹೆಸ್ರಿನ ಸಲುವಾಗಿ ಎಲ್ಲಾ ನಿಂದ್ರಸ್ತೀರೇನು?"

"ಒಂದು ಹೆಸ್ರಲ್ರಿ, ಒಂದು ಕಣ್ಣು," ಎಂದರು ಮೇಡಂ.

ಆಮೇಲೆ ಅವರು ಕಂಪ್ಯೂಟರ್ ಮುಚ್ಚಿಟ್ಟು, ಬೆಂಚಿನಿಂದ ಬೆಂಚಿಗೆ ಹೋಗಿ ಎಲ್ಲರ ಹುಬ್ಬಿನ ಪಟ್ಟಿಗಳನ್ನು ಒಂದೊಂದಾಗಿ ಕಿತ್ತರು. ಕೂದಲು ಎಳೆಯದಂತೆ, ಒಂದು ಬೆರಳಿನಿಂದ ಚರ್ಮ ಒತ್ತಿ ಹಿಡಿದು ಕೀಳುತ್ತಿದ್ದರು. ಹೊಸದಾಗಿ ಬರೆಯಬೇಕಿತ್ತು, ಗಂಡನ ಹೆಸರಿನ ಸಮೇತ. ಮತ್ತೆ ಅದೇ ಗೋಡೆ. ಯಾರೂ ಹೇಳಲೊಲ್ಲರು.

ಆಗ ಮೇಡಂ ಹೆಂಗಸರನ್ನು ಇಬ್ಬಿಬ್ಬರಾಗಿ ಎದುರುಬದುರು ಕೂಡಿಸಿದರು. "ನಿಮ್ಮ ಗಂಡನ ಹೆಸ್ರು ನೀವ್ ಹೇಳ್ಬ್ಯಾಡ್ರಿ. ಬಾಜೂದಾಕಿ ಗಂಡಂದು ನೀವ್ ಹೇಳ್ರಿ."

ಆಮೇಲೆ ಜೋರು ಬಾಯಿಯ ಶರಣಮ್ಮನೇ ಶುರು ಮಾಡಿದಳು, ಅಜ್ಜಿ ಶರಣಮ್ಮನನ್ನು ತೋರಿಸಿ. "ಇಕಿ ಗಂಡ ಬಸಪ್ಪ. ಬಾವಿ ಕಡೀ ಬಸಪ್ಪ. ಭಾಳ ಶಾಣ್ಯಾ ಇದ್ದ, ಇಕಿ ಕೈಯಾಗ ಸಿಕ್ಕು ಮೆತ್ತಗಾದ."

ಅಜ್ಜಿ ಮುಖ ಕೆಂಪಗೆ ಮಾಡಿಕೊಂಡು, "ಇಕಿ ಗಂಡ ಹಣಮಂತ. ಇನ್ನಾ ಮೆತ್ತಗಾಗಿಲ್ಲ," ಎಂದರು.

ನಗು ಶಾಮಿಯಾನದ ಈ ತುದಿಯಿಂದ ಆ ತುದಿಗೆ ಹರಿಯಿತು. ಉಪವಾಸ ಕುಳಿತಿದ್ದ ಆ ಹೆಂಗಸರು ಒಬ್ಬರ ಗಂಡನ ಹೆಸರನ್ನು ಇನ್ನೊಬ್ಬರು ಹೇಳುತ್ತ, ಬೈಯುತ್ತ, ಬಾಯಿಗೆ ಸೆರಗಿಟ್ಟು ನಗುತ್ತ... ಅಷ್ಟು ಸಂತೋಷವಾಗಿದ್ದ ಆಸ್ಪತ್ರೆಯ ಸಾಲನ್ನು ನಾನು ಬೇರೆಲ್ಲೂ ನೋಡಿಲ್ಲ. ಮೇಡಂ ಮಾತ್ರ ನಗಲಿಲ್ಲ. ಬರೆದುಕೊಳ್ಳುತ್ತಿದ್ದರು. ಬರೆದ ಪ್ರತಿ ಹೆಸರನ್ನೂ ಇನ್ನೊಮ್ಮೆ ಓದಿ ಕೇಳುತ್ತಿದ್ದರು.

ಆ ಸಂಜೆಯೊಳಗೆ ಅಜ್ಜಿ ಶರಣಮ್ಮನ ಬಲಗಣ್ಣಿಗೂ ಇನ್ನೊಬ್ಬಳ ಎಡಗಣ್ಣಿಗೂ ಆಪರೇಷನ್ ಆಯಿತು. ಮರುದಿನ ಬಟ್ಟೆ ಬಿಚ್ಚಿದಾಗ ಮೇಡಂ ಮುಂದೆಯೇ ನಿಂತಿದ್ದರು. ಅಜ್ಜಿ ಈ ಸಲ ತಲೆ ಹೊರಳಿಸದೆ ನೇರವಾಗಿ ಅವರ ಮುಖ ನೋಡಿ, "ಇಷ್ಟ್ ಸಣ್ಣಾಕಿ ಅದಿಯೇನವ್ವಾ ನೀ?" ಎಂದರು.

ಮುಂದಿನ ಕ್ಲಾಸಿನಲ್ಲಿ ಕರೆಂಟು ಹೋದಾಗ ಮೇಡಂ ಕುರ್ಚಿ ನಮ್ಮ ಕಡೆ ತಿರುಗಿಸಿ ಹೇಳಿದರು: "ಡಬ್ಬಿಗಿ ಚೀಟಿ ಬರೋಬ್ಬರಿ ಹಚ್ಚಿದ್ದೆ ನಾ. ಒಳಗ ಇರೋರು ಹೆಣ್ಮಕ್ಕಳು, ರೋಗಿಗಳು, ಎಲ್ಲಾ ಖರೆ. ಯಾವಾಕಿ ಅಂತ ಕೇಳೋದು ಬಿಟ್ಟಿದ್ದೆ." ಒಂದು ವಸ್ತು ಯಾವ ಬಗೆಯದು ಎಂದು ತಿಳಿಯುವುದು ಒಂದು, ಅದು ಯಾವುದು ಎಂದು ತಿಳಿಯುವುದು ಇನ್ನೊಂದು ಎಂದು ನನಗೆ ಅಂದು ಅರ್ಥವಾಯಿತು. ಮೊದಲನೆಯದನ್ನು ಕಂಪೈಲರ್ ಕಾಯುತ್ತಾನೆ. ಎರಡನೆಯದನ್ನು ಯಾರೂ ಕಾಯುವುದಿಲ್ಲ, ನಾವೇ ಕೇಳಿಕೊಳ್ಳಬೇಕು.

ಮುಂದಿನ ಚಳಿಗಾಲ ಡಬ್ಬಿ ಮತ್ತೆ ಬಂತು. ಚೀಟಿ ಹೊಸದಾಗಿತ್ತು. 'ತೊಗರಿ ಬ್ಯಾಳಿ. ಭಂಕೂರ, ನಮ್ಮವ್ವನ ಹೊಲದ್ದು.' ಅತ್ತೆಯವರು ಅದನ್ನು ಕನ್ನಡಕ ಹಾಕಿಕೊಂಡು ಓದಿ, ತಾವೇ ಒಳಗೆ ತೆಗೆದುಕೊಂಡು ಹೋದರು.

ಸೆಂಟರ್ ಆಮೇಲೆ ಮುಚ್ಚಿತು. ಮೇಡಂ ಕಲಬುರಗಿ ಕಡೆ ಕಾಲೇಜೊಂದಕ್ಕೆ ಹೋದರು. ಜಾವಾದಿಂದ ನನಗೆ ಕೆಲಸ ಸಿಗಲಿಲ್ಲ, ನಾನು ಹುಡುಕಲೂ ಇಲ್ಲ. ಆದರೆ ತೊಗರಿ ರಾಶಿಯಾದ ಮೇಲೆ ಯಾರ ಕೈಯಲ್ಲಾದರೂ ಡಬ್ಬಿ ಬರುತ್ತಿತ್ತು, ನಾನು ಏನಾದರೂ ತುಂಬಿ ಕಳಿಸುತ್ತಿದ್ದೆ. ಅದೇ ನಮ್ಮ ಮಾತುಕತೆ. ಒಂದು ವರ್ಷ ಡಬ್ಬಿ ನನ್ನ ಹತ್ತಿರವೇ ಉಳಿಯಿತು. ತಿರುಗಿಸಿ ಕಳಿಸಲು ಆ ಕಡೆ ಹೋಗುವವರು ಯಾರೂ ಸಿಗಲಿಲ್ಲ. ಚಳಿಗಾಲ ಕಳೆದರೂ ಮೇಡಂ ಕಡೆಯಿಂದ ಸುದ್ದಿಯಿಲ್ಲ. ಫೋನ್ ಮಾಡಿದೆ. ವಯಸ್ಸಾದ ದನಿಯೊಂದು ಎತ್ತಿಕೊಂಡಿತು, ಅವರ ತಾಯಿ.

"ಆಕಿ ಇಲ್ಲವ್ವಾ. ಹೋದ್ಲು, ದೀಪಾವಳಿ ಮುಂದ. ಜಡ್ಡು ಭಾಳಾಗಿತ್ತು... ನೀ ಯಾರು?"

"ಮೇಡಂ ಕಡೆ ಕಂಪ್ಯೂಟರ್ ಕಲ್ತಾಕೀರಿ," ಎಂದೆ.

"ಎಲ್ಲಾರೂ ಅದೇ ಹೇಳ್ತಾರ. ಯಾವಾಕಿ?"

ಹೆಸರು ಹೇಳಬಹುದಿತ್ತು. ನನ್ನ ಹೆಸರಿನವರು ಆ ಕ್ಲಾಸುಗಳಲ್ಲಿ ಎಷ್ಟು ಜನವೋ. "ಕೊಡ್ಲಿ ಶರಣಮ್ಮನ ಕಣ್ಣು ನೋಡಿದಾಕಿ," ಎಂದೆ.

"ಹಾಂ... ಗಿರಣಿ ಬಾಜೂ ಮನಿಯಾಕಿ. ಹೋಳಗಿ ಕಳಸಾಕಿ. ಡಬ್ಬಿ ನಿನ್ ಕಡೇನೇ ಅದಲ್ಲ?"

"ಅದ ರಿ. ತಂದು ಕೊಡ್ತೀನ್ರಿ, ಏನರ ತುಂಬಿ."

"ಬ್ಯಾಡವ್ವಾ, ಅಲ್ಲೇ ಇರ್ಲಿ. ಇಲ್ಲಿ ತಂದ್ರ ಮತ್ತ ತುಂಬಿ ಕಳಸೋರ್ ಯಾರದಾರ?"

ಅಲ್ಲಿಂದ ಈಚೆಗೆ ಆ ಡಬ್ಬಿ ಮೇಲಿನ ಹಲಗೆಯಲ್ಲಿದೆ. ಮೊದಮೊದಲು ಅಂಗಡಿಯ ಬೇಳೆ ತುಂಬಲು ಹೋಗಿದ್ದೆ. ಒಂದು ಹಿಡಿ ಹಾಕಿ ಮತ್ತೆ ತೆಗೆದೆ. ಅದೂ ತೊಗರಿ ಬೇಳೆಯೇ, ಆದರೆ ಚೀಟಿಯಲ್ಲಿ ಬರೆದದ್ದು ಅದಲ್ಲ.

ಮಗಳಿಗೆ ಇಷ್ಟೆಲ್ಲ ಹೇಳಲು ಬಸ್ಸಿನ ಹೊತ್ತು ಬಿಡಲಿಲ್ಲ. ಅವಳು ಚಟ್ನಿಯನ್ನು ಪ್ಲಾಸ್ಟಿಕ್ ಡಬ್ಬಿಗೆ ಹಾಕಿಕೊಂಡಳು. ಸ್ಟೀಲ್ ಡಬ್ಬಿ ಮೇಲಿಡಲು ಹೋದವಳು ಅದರ ಚೀಟಿಯನ್ನು ನಿಧಾನವಾಗಿ ಓದಿದಳು.

"ಮಮ್ಮಿ, ಚೀಟಿ ಮೂಲಿ ಏಳ್ಲಿಕತ್ತದ. ಹಚ್ಲೇನು?"

ಒಂದು ಅಗುಳು ಅನ್ನ ಕೊಟ್ಟೆ. ಅವಳು ಅದನ್ನು ಹೊಸಕಿ, ಮೂಲೆಗೆ ಸವರಿ, ಹೆಬ್ಬೆರಳಿನಿಂದ ಒತ್ತಿ ಹಿಡಿದಳು. ಮುಚ್ಚಳ ಹಾಕಿ, ಚೀಟಿ ಮುಂದಕ್ಕೆ ಬರುವಂತೆ ತಿರುಗಿಸಿ ಮೇಲಿಟ್ಟಳು. ಡಬ್ಬಿ ಖಾಲಿಯೇ ಇದೆ. ಅದು ಯಾವುದಕ್ಕಾಗಿ, ಯಾರಿಗಾಗಿ ಖಾಲಿ ಇದೆ ಎಂಬುದನ್ನು ಮಾತ್ರ ಕೆಳಗೆ ನಿಂತೇ ಓದಬಹುದು.